ಹಾರ ಹಾಕಿದ ಫೋಟೋ ಮತ್ತು ಗುಬ್ಬಿಯ ಮ್ಯಾಟನಿ

ದೆವ್ವದ ವಿಷಯಕ್ಕೆ ನನ್ನಷ್ಟು ಮೊಂಡು ಹೆಂಗಸು ತುಮಕೂರಿನಲ್ಲಿ ಇನ್ನೊಬ್ಬಳಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಶಕುನ, ದೃಷ್ಟಿ, ಗಾಳಿ ಯಾವುದನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಧೈರ್ಯವಲ್ಲ, ನನ್ನ ಓದು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ದೆವ್ವದ ಸಿನಿಮಾಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಜನ ಎಲ್ಲಿ ಹೆದರುತ್ತಾರೆ, ಯಾಕೆ ಹೆದರುತ್ತಾರೆ, ಹೆದರಿಸುವವರು ಅದನ್ನು ಹೇಗೆ ತಯಾರಿಸುತ್ತಾರೆ ಎಂಬುದು ನನ್ನ ವಿಷಯ. ದೆವ್ವದ ವೇಷದ ಹುಡುಗಿ ಎರಡು ಶಾಟ್‌ಗಳ ನಡುವೆ ಕಾಲು ಚಾಚಿ ಕೂತು ಚಿತ್ರಾನ್ನ ತಿನ್ನುವುದನ್ನು ಕಂಡವಳಿಗೆ ಭಯ ಎಲ್ಲಿಂದ ಬರಬೇಕು? ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂದೇನಿಲ್ಲ. ಯಾರೋ ನನ್ನನ್ನು ಏಮಾರಿಸಿದ್ದಾರೆ ಎಂಬ ಗುಮಾನಿ ನನಗೇ ಇನ್ನೂ ಹೋಗಿಲ್ಲ.

ಕುಣಿಗಲ್ ಹತ್ತಿರ ಒಂದು ತೊಟ್ಟಿ ಮನೆಯಲ್ಲಿ ಸಣ್ಣ ಬಜೆಟ್ಟಿನ ದೆವ್ವದ ಸಿನಿಮಾವೊಂದರ ಶೂಟಿಂಗ್ ನಡೆದಿತ್ತು. ಒಂದು ವಾರ ಅಲ್ಲಿದ್ದು ಎಲ್ಲವನ್ನೂ ಬರೆದುಕೊಳ್ಳಲು ನನಗೆ ಒಪ್ಪಿಗೆ ಸಿಕ್ಕಿತ್ತು. ನಿರ್ದೇಶಕರಿಗೆ ಸಹಾಯಕರಾಗಿದ್ದ ಲೋಕೇಶ್ ಎಂಬವರು ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ನಡುಮನೆಯ ಗೋಡೆಗೆ ಕಥೆಯಲ್ಲಿ ಬರುವ ಸೊಸೆಯ ಸತ್ತ ಅತ್ತೆಯ ಫೋಟೋ ಬೇಕಾಯಿತು. ತರಬೇಕಾದವರು ಮರೆತು ಬಂದಿದ್ದರು. ಲೈಟು ಸಿದ್ಧವಾಗಿತ್ತು, ನಿರ್ದೇಶಕರು ರೇಗಾಡುತ್ತಿದ್ದರು. ನಾನು ದೊಡ್ಡ ಉಪಕಾರಿಯಂತೆ ಫೋನಿನಲ್ಲಿದ್ದ ನಮ್ಮಮ್ಮನ ಫೋಟೋ ಕೊಟ್ಟೆ. ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ ಗೋಡೆಗೆ ತೂಗಿಸಿದರು.

ಸಿನಿಮಾದವರಲ್ಲಿ ಒಂದು ರೂಢಿ ಇದೆ. ಸತ್ತವರಾಗಿ ನಟಿಸಿದವರನ್ನಾಗಲಿ, ಫೋಟೋಗೆ ಹಾರ ಹಾಕಿಸಿಕೊಂಡವರನ್ನಾಗಲಿ ಆಮೇಲೆ ಕ್ಯಾಮೆರಾ ಮುಂದೆ ನಿಲ್ಲಿಸಿ ಬಾಯಿತುಂಬ ನಗಿಸಿ ಒಂದು ಶಾಟ್ ತೆಗೆಯುತ್ತಾರೆ. ಅದು ಸಿನಿಮಾದಲ್ಲಿ ಬರುವುದಿಲ್ಲ. ಅಪಶಕುನ ಕಳೆಯಲೆಂದು ತೆಗೆಯುವುದು, ಅಷ್ಟೇ. ಲೋಕೇಶ್ ಅದನ್ನು ಮರೆಯಲಿಲ್ಲ.

"ಮೇಡಂ, ಅಮ್ಮನ್ನ ನಾಳೆ ಕರ್ಕೊಂಡ್ ಬಂದ್ಬಿಡಿ. ಒಂದು ನಗೋ ಶಾಟ್ ತಗೊಂಡ್ಬಿಡಣ. ಬದುಕಿರೋರಿಗೆ ಹಾರ ಹಾಕಿ ಹಂಗೇ ಬಿಡಬಾರ್ದು."

ನಾನು ಅದನ್ನು 'ಚಿತ್ರರಂಗದ ನಂಬಿಕೆಗಳು' ಎಂಬ ತಲೆಬರಹದ ಕೆಳಗೆ ಬರೆದುಕೊಂಡು ಸುಮ್ಮನಾದೆ. ಅಮ್ಮನನ್ನು ಕರೆದುಕೊಂಡು ಹೋಗಲೂ ಇಲ್ಲ, ಫೋಟೋ ಕೊಟ್ಟ ವಿಷಯ ಅವಳಿಗೆ ಹೇಳಲೂ ಇಲ್ಲ. ಬೈಸಿಕೊಳ್ಳುವುದು ಯಾರಿಗೆ ಬೇಕಿತ್ತು? ಅಲ್ಲದೆ ಕ್ಯಾಮೆರಾ ಕಂಡರೆ ಅಮ್ಮ ತುಟಿ ಬಿಗಿದುಕೊಳ್ಳುತ್ತಾಳೆ. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅವಳು ನಕ್ಕ ಒಂದು ಫೋಟೋ ಇಲ್ಲ.

ಅಮ್ಮ ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ನಮ್ಮ ಜೊತೆಯೇ ಇದ್ದಾಳೆ. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾಳೆ. ಸಿನಿಮಾ ಬಿಡುಗಡೆಗೆ ಮುಂಚಿನ ಸಂಕ್ರಾಂತಿಯಲ್ಲಿ ಕಬ್ಬು ಕಚ್ಚಲು ಹೋಗಿ ಅವಳ ಮುಂದಿನ ಒಂದು ಹಲ್ಲು ಬಿತ್ತು. ಅದೇ ವಾರ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು ಎಂದಳು. ಡಾಕ್ಟರು ನೋಡಿ, ರಕ್ತನಾಳದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು, ತಡ ಮಾಡಬೇಡಿ ಎಂದರು. ಆಪರೇಷನ್ನಿಗೆ ದಿನವೂ ನಿಗದಿಯಾಯಿತು. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ದೆವ್ವಕ್ಕಲ್ಲ, ನಾನು ಮಾಡಿದ್ದಕ್ಕೆ. ತಡೆಯಲಾರದೆ ಲೋಕೇಶ್‌ಗೆ ಫೋನ್ ಮಾಡಿದರೆ ಅವರು, "ನಾನ್ ಅವತ್ತೇ ಬಡ್ಕೊಂಡೆ ಮೇಡಂ," ಎಂದು ಫೋನ್ ಇಟ್ಟರು. ಆ ಮಾತು ನನ್ನ ನಿದ್ದೆ ಕೆಡಿಸಿತು.

ಆದರೂ ನನ್ನ ಕೆಲಸ ಬಿಡುವಂತಿರಲಿಲ್ಲ. ಒಂದೇ ಸಿನಿಮಾವನ್ನು ಮೂರು ಊರಿನ ಜನ ಹೇಗೆ ನೋಡುತ್ತಾರೆ ಎಂದು ದಾಖಲಿಸಬೇಕಿತ್ತು. ನನ್ನ ಕ್ರಮ ಸ್ವಲ್ಪ ವಿಚಿತ್ರ. ಮುಂದಿನ ಸಾಲಿನಲ್ಲಿ ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂರುತ್ತೇನೆ. ಶಬ್ದ ಕೇಳಿದರೆ ಯಾವ ದೃಶ್ಯ ಎಂದು ಗೊತ್ತಾಗುತ್ತದೆ. ಪರದೆಯ ಬೆಳಕಿನಲ್ಲಿ ಜನರ ಮುಖ ನೋಡಿ ಗುರುತು ಹಾಕಿಕೊಳ್ಳುತ್ತೇನೆ, ಪಕ್ಕದಲ್ಲಿ ರೆಕಾರ್ಡರ್ ಓಡುತ್ತಿರುತ್ತದೆ. ನಿಜ ಹೇಳಬೇಕೆಂದರೆ, ಈ ಸಲ ಆ ಕ್ರಮ ನನಗೆ ಒಳ್ಳೆಯ ನೆಪವಾಗಿತ್ತು. ಹಾರ ಹಾಕಿದ ಅಮ್ಮನನ್ನು ನಾನು ನೋಡಬೇಕಾಗಿರಲಿಲ್ಲ.

ತುಮಕೂರಿನಲ್ಲಿ ಫೋಟೋ ದೃಶ್ಯಕ್ಕೆ ಯಾರೂ ಅಲುಗಲಿಲ್ಲ. ಕುಣಿಗಲ್ಲಿನಲ್ಲೂ ಅಷ್ಟೆ. ಸೊಸೆ ದೀಪ ಹಚ್ಚುತ್ತಾಳೆ, ಫೋಟೋ ನಾಲ್ಕು ಸೆಕೆಂಡು ಬರುತ್ತದೆ, ಹೋಗುತ್ತದೆ. ಅಲ್ಲಿ ಹೆದರಲಿಕ್ಕೆ ಏನೂ ಇಲ್ಲ. ಅಮ್ಮನ ಆಪರೇಷನ್ನಿಗೆ ಎರಡು ದಿನ ಇರುವಾಗ ನಾನು ಗುಬ್ಬಿಗೆ ಹೋದೆ. ಮ್ಯಾಟನಿಗೆ ಮೂವತ್ತು ಚಿಲ್ಲರೆ ಜನ ಇದ್ದರು. ಸಂತೆ ಮುಗಿಸಿ ಫ್ಯಾನಿನ ಗಾಳಿಗೆಂದು ಬಂದವರು, ಕಾಲೇಜು ತಪ್ಪಿಸಿ ಬಂದವರು. ಸೊಸೆ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಇಡೀ ಥಿಯೇಟರ್ ನಕ್ಕಿತು.

ಗೇಲಿಯ ನಗುವಲ್ಲ ಅದು. ಚಿಕ್ಕ ಮಕ್ಕಳು ನಕ್ಕರೆ ನಾವೂ ನಗುತ್ತೇವಲ್ಲ, ಅಂಥದ್ದು. ನಾನು ತಿರುಗಿ ನೋಡುವ ಹೊತ್ತಿಗೆ ಪರದೆಯ ಮೇಲೆ ಮುಂದಿನ ದೃಶ್ಯದ ಬಾವಿ ಇತ್ತು.

ಇಂಟರ್ವಲ್‌ನಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದೆ. ಮೊದಲು ಕೇಳಿದ್ದು ಸಂತೆಯ ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿಯನ್ನು.

"ಹಾರ ಹಾಕಿದ್ದ ಯಮ್ಮ ನಕ್ಳಲ್ಲವ್ವಾ, ಅದ್ಕೆ," ಎಂದಿತು ಅಜ್ಜಿ. "ಮುಂದ್ಲ ಹಲ್ಲೊಂದಿಲ್ದೆ ಮಗಿನಂಗೆ ನಕ್ಳು. ಸತ್ತೋಳು ಅಂಗೆ ನಕ್ರೆ ನಗು ಬರಾಕಿಲ್ವಾ?"

ಪಾಪ್‌ಕಾರ್ನ್ ಸಾಲಿನಲ್ಲಿದ್ದ ಕಾಲೇಜು ಹುಡುಗನೂ ಹಲ್ಲಿನ ಮಾತನ್ನೇ ಹೇಳಿದ. ಮೂರನೆಯವರೂ ಹೇಳಿದರು. ನಾನು ಕೊಟ್ಟ ಫೋಟೋದಲ್ಲಿ ಅಮ್ಮನ ಬಾಯಿ ಮುಚ್ಚಿದೆ. ಅದು ಎರಡು ವರ್ಷ ಹಳೆಯದು. ಆಗ ಅವಳಿಗೆ ಹಲ್ಲೆಲ್ಲ ಇದ್ದವು.

ಲೋಕೇಶ್ ಏನೋ ಕಿತಾಪತಿ ಮಾಡಿದ್ದಾರೆ ಎಂದೇ ನನಗೆ ಅನಿಸಿತು. ಪ್ರಚಾರಕ್ಕೆ ಈ ಜನ ಏನು ಬೇಕಾದರೂ ಮಾಡುತ್ತಾರೆ. ಮುಂದಿನ ಷೋಗೂ ಟಿಕೆಟ್ ತೆಗೆದು ಈ ಸಲ ಪರದೆ ನೋಡುತ್ತ ಕೂತೆ. ಅಮ್ಮ ತುಟಿ ಬಿಗಿದುಕೊಂಡೇ ಇದ್ದಳು. ಯಾರೂ ನಗಲಿಲ್ಲ. ಸಿನಿಮಾ ಓಡಿಸುವವರನ್ನು ಹೋಗಿ ಕೇಳಿದೆ. ಬಿಡುಗಡೆಯ ದಿನದಿಂದ ಇರುವುದು ಅದೊಂದೇ ಫೈಲು ಎಂದು ತೋರಿಸಿದರು. ಫೋನ್ ಮಾಡಿ ಕೇಳಿದರೆ ಲೋಕೇಶ್ ತಾನೇನೂ ಮಾಡಿಲ್ಲ ಎಂದು ದೇವರಾಣೆ ಹಾಕಿದರು. ನನಗೆ ಆ ಆಣೆಯ ಮೇಲೂ ನಂಬಿಕೆ ಬರಲಿಲ್ಲ. ಬ್ಲೌಸ್ ಹೊಲಿಸುವ ನೆಪದಲ್ಲಿ ಯಾರನ್ನಾದರೂ ಮನೆಗೆ ಕಳಿಸಿ ವಿಡಿಯೋ ಮಾಡಿಸಿರಬಹುದಲ್ಲ? ಹಾಗಾದರೆ ಅದೊಂದು ಷೋಗೆ ಮಾತ್ರ ಅದು ಹೇಗೆ ಬಂತು? ಇಲ್ಲಿಗೆ ಬಂದರೆ ನನ್ನ ತರ್ಕವೂ ಕೈಕೊಡುತ್ತದೆ.

ಮನೆಗೆ ಬಂದಾಗ ಅಮ್ಮ ಹುಕ್ಸ್ ಹಾಕುತ್ತ ಕೂತಿದ್ದಳು. ಯಾರಾದರೂ ಬಂದು ನಿನ್ನ ವಿಡಿಯೋ ಮಾಡಿಕೊಂಡರಾ ಎಂದು ಕೇಳಿದೆ. "ನನ್ನ ಯಾರ್ ಮಾಡ್ಕೋತಾರೆ? ಏನಾಯ್ತೇ ನಿಂಗೆ?" ಎಂದಳು. ಅವಳ ಮುಖವನ್ನೂ ಅನುಮಾನದಿಂದಲೇ ನೋಡಿದೆ. ಆಮೇಲೆ ತಡೆಯಲಾಗಲಿಲ್ಲ. ಫೋಟೋ, ಹಾರ, ಗುಬ್ಬಿ ಎಲ್ಲವನ್ನೂ ಹೇಳಿಬಿಟ್ಟೆ.

ಅಮ್ಮ ಇನ್ನೆರಡು ಹುಕ್ಸ್ ಹಾಕಿ ಮುಗಿಸಿದಳು. ಆಮೇಲೆ, "ಹಾರ ಹಾಕಿದ್ದಕ್ಕೇನೂ ಇಲ್ಲ ಕಣೇ. ನನ್ನ ಒಂದ್ ಮಾತು ಕೇಳ್ಬೇಕಿತ್ತು ನೀನು. ನಾನೇನ್ ಬೇಡ ಅಂತಿದ್ನಾ?" ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅಪಶಕುನದ ಲೆಕ್ಕ ಹಾಕುತ್ತ ಕೂತಿದ್ದ ನನಗೆ ನನ್ನ ತಪ್ಪು ಯಾವುದು ಎಂಬುದೇ ಹೊಳೆದಿರಲಿಲ್ಲ.

ಸ್ಟೆಂಟ್ ಹಾಕಿದರು. ಅಮ್ಮ ಚೆನ್ನಾಗಿದ್ದಾಳೆ, ಈಗಲೂ ಹೊಲಿಯುತ್ತಾಳೆ. ನನ್ನ ಗೈಡು ರೆಕಾರ್ಡಿಂಗ್ ಕೇಳಿ, ಯಾರೋ ಏನೋ ಜೋಕ್ ಮಾಡಿರಬೇಕು, ಪಟ್ಟಿಯಿಂದ ಆ ಸಾಲು ತೆಗೆದುಹಾಕಿ ಎಂದರು. ನಾನು ತೆಗೆಯಲಿಲ್ಲ. ಊರು ಗುಬ್ಬಿ, ದೃಶ್ಯ ಫೋಟೋ, ಪ್ರತಿಕ್ರಿಯೆ ನಗು ಎಂದು ಬರೆದು ಕಾರಣದ ಜಾಗವನ್ನು ಖಾಲಿ ಬಿಟ್ಟೆ. ಏನು ಬರೆಯಬೇಕೆಂದು ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಫೋನ್ ಎತ್ತಿ ಹಿಡಿದು, "ಒಂದ್ಸಲ ನಗಮ್ಮ," ಎಂದು ಕೇಳಿಕೊಂಡೆ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಹಲ್ಲು ಕಟ್ಟಿಸ್ಕೊಂಡ್ ಮೇಲೆ ನೋಡಣ ಬುಡು," ಎಂದಳು. ರಕ್ತ ತೆಳುವಾಗಲೆಂದು ಅವಳು ತೆಗೆದುಕೊಳ್ಳುವ ಮಾತ್ರೆಗಳಿಂದಾಗಿ ಹಲ್ಲಿನ ಕೆಲಸ ಮುಂದಕ್ಕೆ ಹೋಗುತ್ತಲೇ ಇದೆ. ಗುಬ್ಬಿಯಲ್ಲಿ ಆ ಮಧ್ಯಾಹ್ನ ಯಾರಾರೋ ಮೂವತ್ತು ಜನ ನಮ್ಮಮ್ಮ ಬಾಯಿತುಂಬ ನಕ್ಕಿದ್ದನ್ನು ನೋಡಿದ್ದಾರೆ. ನಾನು ನೋಡಿಲ್ಲ.