ಒಬಡಾಯನ ಎಡಗಿವಿ

ಇನ್ನೂರು ವರ್ಷದ ಹಿಂದೆ ಅಮೆರಿಕದ ನಮ್ಮ ಕೆಂಟಕಿ ಕಾಡಿನಲ್ಲಿ ಗಡಿಮರ ಕಡಿದವನನ್ನು ಕಂಡರೆ ಕೊಲೆಗಾರನನ್ನು ಕಂಡಷ್ಟು ರೋಷ. ಜಮೀನಿನ ಮೂಲೆಗೆ ಕಲ್ಲಿಲ್ಲ, ಬೇಲಿಯಿಲ್ಲ; ಕೊಡಲಿಯಲ್ಲಿ ಗುರುತು ಕೊಚ್ಚಿದ ಒಂದು ಮರ, ಅಷ್ಟೇ. ಅದು ಹೋದರೆ ಹೊಲವೂ ಹೋಯಿತು. ನಮ್ಮ ಮನೆತನದ ಕೆಜಾಯಳ ಹೊಲದಲ್ಲಿ ಅಂಥ ಮರಕ್ಕೆ ಕೊಡಲಿ ಹಾಕಿದವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ ಜೂಬಲ್.

ಅವಳ ಗಂಡ ಒಬಡಾಯ ಓಡಿಬಂದು ಅಡ್ಡ ನಿಂತ. ಎರಡು ಮಾತಿಗೇ ಇಬ್ಬರೂ ನೆಲಕ್ಕೆ ಬಿದ್ದರು. ಜೂಬಲ್ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದು ಇದಕ್ಕೇ. ಕಣ್ಣು ಕೀಳಲು ನೋಡಿದ. ಕಣ್ಣು ತಪ್ಪಿತು, ಕಿವಿ ಬಾಯಿಗೆ ಸಿಕ್ಕಿತು. ಕೆಜಾಯ ಕೊಡ ಬಿಸಾಕಿ ಬರುವಷ್ಟರಲ್ಲಿ ಅವನು ಎದ್ದು ನಿಂತು ಥೂ ಎಂದು ಉಗಿದ. ಒಬಡಾಯನ ಅರ್ಧ ಎಡಗಿವಿ ತರಗೆಲೆಯ ಮೇಲೆ ಬಿತ್ತು. ಅವಳು ಲಂಗದ ಅಂಚು ಹರಿದು ಗಂಡನ ತಲೆ ಕಟ್ಟಿದಳು, ಅಣ್ಣನಿಗೆ ಹಿಡಿಶಾಪ ಹಾಕಿದಳು. ಅವನು ಮರ ಉರುಳಿಸಿ, ಬುಡಕ್ಕೆ ಬೆಂಕಿಯಿಟ್ಟೇ ಹೋದ.

ಗಾಯ ಮಾಗಿತು, ಗೋಳು ಶುರುವಾಯಿತು. ಆಗ ಕಳ್ಳರಿಗೂ ಸುಳ್ಳುಸಾಕ್ಷಿಯವರಿಗೂ ಕೋರ್ಟು ಕಿವಿ ಕತ್ತರಿಸುತ್ತಿತ್ತು. ಕಿವಿ ಹೋದವನೆಂದರೆ ಕಳ್ಳನೆಂದೇ ಲೆಕ್ಕ, ಅಂಥವನ ಆಣೆಗೆ ಬೆಲೆಯಿಲ್ಲ. ಮರ ಎಲ್ಲಿತ್ತೆಂದು ಒಬಡಾಯ ಆಣೆಯಿಟ್ಟು ಹೇಳದಿದ್ದರೆ ಹೊಲ ಜೂಬಲನ ಪಾಲು. ಜಗಳದಲ್ಲಿ ಹೋದ ಕಿವಿಯಾದರೆ ಕೋರ್ಟಿನ ಪುಸ್ತಕದಲ್ಲಿ ಬರೆಸಿ ಮಾನ ಉಳಿಸಿಕೊಳ್ಳಬಹುದಿತ್ತು. ಆದರೆ ಕಂಡವಳು ಹೆಂಡತಿ ಒಬ್ಬಳೇ, ಗಂಡನ ಪರ ಹೆಂಡತಿಯ ಸಾಕ್ಷಿ ನಡೆಯದು. ಅವರು ಕ್ಯಾರೊಲಿನಾದಿಂದ ಬೆಟ್ಟ ದಾಟಿ ಬಂದು ವರ್ಷವೂ ಆಗಿರಲಿಲ್ಲ. ನೆರೆಯೆಂದರೆ ಅಣ್ಣನ ಮನೆಯೊಂದೇ; ಒಬಡಾಯನಿಗೆ ಎರಡೂ ಕಿವಿ ಇತ್ತೆಂದು ಹೇಳುವವರು ಬೇರೆ ಯಾರೂ ಇಲ್ಲ.

ಕೋರ್ಟಿಗೆ ಕಟ್ಟಡವಿನ್ನೂ ಎದ್ದಿರಲಿಲ್ಲ, ಕೂತದ್ದು ಹೆಂಡದಂಗಡಿಯಲ್ಲಿ. ಜೂಬಲ್ ತವರದ ಲೋಟದಲ್ಲಿ ವಿಸ್ಕಿ ಹಿಡಿದು ನಿಂತಿದ್ದ.

“ಇವನ ಕಿವಿ ಕ್ಯಾರೊಲಿನಾದಲ್ಲೇ ಹೋಗಿತ್ತು ಸ್ವಾಮಿ, ಹಂದಿ ಕದ್ದಿದ್ದಕ್ಕೆ. ನಾನು ಮುಟ್ಟೇ ಇಲ್ಲ.”

ಕೆಜಾಯಳಿಗೆ ಅಣ್ಣನ ಹುಟ್ಟುಗುಣ ಗೊತ್ತಿತ್ತು. ಹೊಲ ಬಿಟ್ಟಾನು, ಸೋತೆ ಅನ್ನಿಸಿಕೊಳ್ಳಲಾರ.

“ಹೌದು ಬಿಡಣ್ಣ, ನಿನ್ನ ಕೈಲಿ ಎಲ್ಲಾಗ್ತಿತ್ತು?” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಅವತ್ತು ಕೆಳಗೆ ಬಿದ್ಕೊಂಡು ‘ಸಾಕು ಬಿಡೋ’ ಅಂತ ಗೋಗರೀತಿದ್ದೆ. ಕಿವಿ ಕಚ್ಚಿದ್ದು ನಮ್ಮ ಹೆಣ್ಣು ಹಂದಿ. ಅದಕ್ಕಾದ್ರೂ ಹಲ್ಲಿದೆ.”

ಅಂಗಡಿಯೆಲ್ಲ ನಕ್ಕಿತು. “ಏನ್ ಜೂಬಲಾ, ಹಂದಿ ಮುಂದೆ ಸೋತ್ಯಾ?” ಎಂದ ಒಬ್ಬ.

“ಸಾಕು ಅಂದೋನು ಅವನು ಕಣೋ! ಹಂದಿಯಂತೆ, ಹಂದಿ. ಇದೇ ಹಲ್ಲಲ್ಲಿ ಕಿತ್ತು ಉಗಿದಿದೀನಿ. ನೀನೇ ನೋಡಿದ್ಯಲ್ಲೇ!”

ನಗು ನಿಂತಿತು. ಹಿರಿಯ ನ್ಯಾಯಾಧೀಶ ಗುಮಾಸ್ತನತ್ತ ತಿರುಗಿ, “ಬರ್ಕೊಳಯ್ಯಾ” ಎಂದ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಕೋಪದಲ್ಲಿ ಆಡಿದ ಮಾತೂ ಅಷ್ಟೇ. ತಾನೇನು ಒಪ್ಪಿಕೊಂಡೆನೆಂದು ತಿಳಿಯುತ್ತಲೇ ಜೂಬಲ್ ಲೋಟದಿಂದ ತಂಗಿಯ ಬಾಯಿಗೆ ಬಾರಿಸಿದ. ಮುಂದಿನ ಹಲ್ಲು ಮುರಿದು ತುಟಿಗೆ ನಾಟಿತು. ಒಬಡಾಯ ಅವನ ಮೈಮೇಲೆ ಎಗರಲು ಹೋದಾಗ ಅವಳೇ ಗಂಡನ ತೋಳು ಹಿಡಿದಳು, ರಕ್ತ ಉಗಿದಳು.

“ಮೊದ್ಲು ಆಣೆ ಇಡ್ರಿ. ಹೊಡೆದಾಟ ಆಮೇಲೆ.”

ಅವನು ಬೈಬಲ್ಲಿನ ಮೇಲೆ ಕೈಯಿಟ್ಟು ಮರ ಎಲ್ಲಿತ್ತೆಂದು ಹೇಳಿದ. ಹೊಲ ಉಳಿಯಿತು.

ಮನೆತನದ ಬೇರು ಹುಡುಕುತ್ತ ಕಚೇರಿಗೆ ಹೋಗುವ ನಮ್ಮವರಿಗೆ ಜಮೀನಿನ ಪತ್ರದಲ್ಲಿ ಒಬಡಾಯ ಸಿಗುತ್ತಾನೆ, ಕೋರ್ಟಿನ ಪುಸ್ತಕದಲ್ಲಿ ಅವನ ಕಿವಿಯೂ ಸಿಗುತ್ತದೆ. ಹಲ್ಲು ಮುರಿದವಳನ್ನು ಯಾರೂ ಕಳ್ಳಿ ಎನ್ನುವುದಿಲ್ಲವಲ್ಲ, ಹಾಗಾಗಿ ಕೆಜಾಯಳ ಹಲ್ಲನ್ನು ಯಾರೂ ಬರೆದುಕೊಳ್ಳಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.