ಬೆಚ್ಚಗಾಗದ ಬಾಣಂತಿ ಕೋಣೆ

ಮೊದಲ ಲಾಕ್‌ಡೌನಿನ ವಸಂತದಲ್ಲಿ ಯುಟ್ರೆಕ್ಟ್‌ನ ನಮ್ಮ ಬಾಡಿಗೆ ಮನೆಯ ಮೇಲಿನ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಅಲ್ಲಿ ನನ್ನ ಹೆಂಡತಿ ಮತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ ನಮ್ಮ ಮಗಳು ಮಲಗುತ್ತಿದ್ದರು. ಹೆರಿಗೆಯ ನಂತರ ಮನೆಗೆ ಬಂದು ಆರೈಕೆ ಮಾಡುವ ಇಲ್ಲಿನ ನರ್ಸ್, ತನ್ನ ಸರದಿ ಮುಗಿಸಿ ಹೋಗುವಾಗ ಮಾಸ್ಕಿನೊಳಗಿಂದಲೇ ಎಚ್ಚರಿಸಿದ್ದಳು: ಮಗುವಿನ ಮೈ ತಣ್ಣಗಾಗಬಾರದು, ತಣ್ಣಗಾದರೆ ಕುಡಿದ ಹಾಲಿನ ಶಕ್ತಿಯೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಹೋಗಿ ತೂಕ ಏರುವುದಿಲ್ಲ. ಇದನ್ನು ಅವಳೇ ಹೇಳಿದಳೋ, ನಾನು ಎಲ್ಲೋ ಓದಿದ್ದನ್ನು ಅವಳ ಬಾಯಿಗೆ ಹಾಕಿದ್ದೇನೋ, ಈಗ ಖಾತ್ರಿಯಿಲ್ಲ. ಆಗಿನ ಭಯದ ಬಗ್ಗೆ ಮಾತ್ರ ಅನುಮಾನವಿಲ್ಲ.

ಹಳೆಯ ಇಟ್ಟಿಗೆ ಮನೆ. ಅಟ್ಟದ ಬಾಯ್ಲರಿನಿಂದ ಬಿಸಿನೀರು ಕೊಳವೆಗಳಲ್ಲಿ ಹರಿದು ಎರಡೂ ಅಂತಸ್ತಿನ ರೇಡಿಯೇಟರುಗಳನ್ನು ಕಾಯಿಸಬೇಕು. ಸುತ್ತಲಿನ ಕಾವು ಅಳೆದು ಅದಕ್ಕೆ ಹೊತ್ತುಹೊತ್ತಿಗೆ ಆಜ್ಞೆ ಕೊಡುವ ಥರ್ಮೋಸ್ಟಾಟ್ ಇಡೀ ಮನೆಗೆ ಒಂದೇ, ಕೆಳಗೆ ಹಜಾರದ ಗೋಡೆಯ ಮೇಲೆ. ರಿಪೇರಿಯವರು ಯಾರೂ ಮನೆಯೊಳಕ್ಕೆ ಬರುತ್ತಿರಲಿಲ್ಲ. ಮಾಲೀಕ ಫೋನಿನಲ್ಲೇ ಹೇಳಿಕೊಟ್ಟ. ಬ್ಯಾಟರಿ ಬದಲಿಸಿದೆ. ರೇಡಿಯೇಟರಿನಲ್ಲಿ ಸೇರಿಕೊಂಡಿದ್ದ ಗಾಳಿ ಬಿಟ್ಟೆ, ಕಪ್ಪು ನೀರು ಅಂಗಿಗೆ ಚಿಮ್ಮಿತು. ಬಾಯ್ಲರಿಗೆ ನೀರು ತುಂಬಿದೆ. ಥರ್ಮೋಸ್ಟಾಟಿನ ವೇಳೆಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದೆ. ಕೋಣೆ ಸ್ವಲ್ಪ ಹೊತ್ತು ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತಿತ್ತು.

ಬಾಣಂತನಕ್ಕೆಂದು ಮೈಸೂರಿನಿಂದ ಬಂದು, ವಿಮಾನಗಳು ನಿಂತದ್ದರಿಂದ ಇಲ್ಲೇ ಉಳಿದಿದ್ದ ಅತ್ತೆ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದರು.

"ಏನಂತೆ ನಿಮ್ಮ ಡಬ್ಬಿ?"

"ಮನೆ ಇಪ್ಪತ್ಮೂರು ಡಿಗ್ರಿ ಇದೆ ಅಂತಿದೆ ಅತ್ತೆ."

"ಅದಕ್ಕೇನ್ ಗೊತ್ತು, ಅದೇನು ಹೆತ್ತಿದ್ಯಾ? ಒಂದು ಅಗ್ಗಿಷ್ಟಿಕೆ ಇದ್ದಿದ್ರೆ ಸಾಕಿತ್ತು. ಇಂಜಿನಿಯರಿಂಗ್ ಓದಿದೋರು ನೀವು!"

ಮೇಲಿನಿಂದ ಹೆಂಡತಿ ಕೂಗಿದಳು. "ಅಮ್ಮಾ, ಅವನನ್ನ ಗೋಳು ಹುಯ್ಕೋಬೇಡ. ಏ, ಮೊದಲು ಸರಿಯಾಗೇ ಇತ್ತಲ್ವಾ? ಯಾವತ್ತಿಂದ ಹೀಗಾಯ್ತು, ಅದನ್ನ ಯೋಚನೆ ಮಾಡು."

ಯಾವತ್ತಿಂದ? ನಿದ್ದೆಗೆಟ್ಟ ತಲೆಯಲ್ಲಿ ದಿನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೊನೆಗೆ ಬೇರೆಯಾಗಿ ಕಂಡದ್ದು ಪುರುಡು ಕಳೆದ ದಿನ. ಅಂದು ಅತ್ತೆ ಮನೆಯೆಲ್ಲ ಒರೆಸಿ, ಹಜಾರದ ಹಲಗೆಯ ಮೇಲೆ ದೇವರ ಪಟ ಇಟ್ಟು ನಂದಾದೀಪ ಹಚ್ಚಿದ್ದರು. ಮಗು ತೂಕ ಹಿಡಿಯುವವರೆಗೆ ಅದು ಆರಬಾರದೆಂದು ಹರಕೆ. ಪುರುಡಿನ ದಿನಗಳಲ್ಲಿ ಮನೆಯಲ್ಲಿ ದೇವರ ದೀಪವಿರಲಿಲ್ಲ; ಆಗ ಕೋಣೆ ಬೆಚ್ಚಗಿತ್ತು. ಈಗ ದೀಪದ ನೇರಕ್ಕೆ, ಗೇಣೆತ್ತರದಲ್ಲಿ, ಥರ್ಮೋಸ್ಟಾಟ್. ಅದರ ತಳ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ದೀಪದ ಕಾವನ್ನೇ ಮನೆಯ ಕಾವೆಂದು ನಂಬಿ ಅದು ಬಾಯ್ಲರನ್ನು ನಿಲ್ಲಿಸುತ್ತಿತ್ತು.

ಕಂಡುಹಿಡಿದದ್ದು ನಾನೇ ಎಂದು ನನ್ನ ನೆನಪು. ಮಲಗಿದಲ್ಲಿಂದ ತಾನೇ ಹೇಳಿದ್ದೆಂದು ಹೆಂಡತಿ ವಾದಿಸುತ್ತಾಳೆ. ಇರಬಹುದು.

ಮಗುವಿಗೆಂದು ಹಚ್ಚಿದ ದೀಪವೇ ಮಗುವಿನ ಕೋಣೆಯನ್ನು ತಣ್ಣಗಿಡುತ್ತಿದೆ ಎಂದು ಅತ್ತೆಗೆ ಹೇಗೆ ಹೇಳುವುದು? ಸುಳ್ಳೊಂದನ್ನು ಹುಡುಕುವಷ್ಟು ತ್ರಾಣವೂ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ದೀಪದ ಕಡೆ ತಿರುಗಿದರು. "ನಂದಾದೀಪ ಕದಲಿಸಬಾರದು," ಎಂದರು.

"ಗೊತ್ತು ಅತ್ತೆ. ಡಬ್ಬೀನ ಆ ಕಡೆ ಹಾಕೋಣ ಅಂದ್ರೆ ವೈರು ಗೋಡೆಯೊಳಗಿದೆ."

"ಬಾಡಿಗೆ ಮನೆ ಗೋಡೆ ಒಡೀತೀರಾ? ಸುಮ್ನಿರಿ."

ಇನ್ನೊಂದು ಹಿತ್ತಾಳೆ ದೀಪ ತಂದು, ಉರಿಯುತ್ತಿದ್ದುದರಿಂದಲೇ ಅದಕ್ಕೆ ಹಚ್ಚಿ, ಸೆರಗು ಮರೆಮಾಡಿ ಅಡುಗೆಮನೆಯ ಕಟ್ಟೆಗೆ ಒಯ್ದರು. "ಇದೂ ಅದೇ ದೀಪಾನೇ," ಎಂದರು, ನನಗೋ ದೇವರಿಗೋ. ಹಳೆಯದನ್ನು ಆರಿಸಲಿಲ್ಲ, ಮತ್ತೆ ಎಣ್ಣೆ ಎರೆಯಲೂ ಇಲ್ಲ.

ಎಣ್ಣೆ ತೀರುವವರೆಗೆ ಕಾಯಬೇಕಿತ್ತು. ನಾನು ಹಜಾರದ ನೆಲದಲ್ಲಿ ಗೋಡೆಗೊರಗಿ ಕೂತೆ. ಅತ್ತೆ ಮೇಲೆ ಹೋಗಿ ಮಗುವನ್ನು ಎದೆಗವಚಿಕೊಂಡು, ಸೆರಗು ಹೊದಿಸಿ, ಶಾಲು ಸುತ್ತಿ ಕೂತರಂತೆ. ಕೆಳಗೆ ಬತ್ತಿ ಚಟಪಟ ಎಂದು ಆರಿತು. ಥರ್ಮೋಸ್ಟಾಟಿನ ಅಂಕಿ ನಿಧಾನವಾಗಿ ಇಳಿಯಿತು. ಕೊಳವೆಗಳು ಟಿಕ್ ಟಿಕ್ ಎನ್ನತೊಡಗಿದವು.

ನಾನು ಮೇಲೆ ಹೋಗುವ ಹೊತ್ತಿಗೆ ರೇಡಿಯೇಟರ್ ಕೈ ಇಡಲಾಗದಷ್ಟು ಕಾದಿತ್ತು.

"ಕೋಣೆ ಬೆಚ್ಚಗಾಯ್ತಲ್ಲ ಅತ್ತೆ, ಮಗೂನ ತೊಟ್ಟಿಲಲ್ಲಿ ಮಲಗಿಸೋಣ. ಕೊಡಿ."

"ಇರ್ಲಿ, ಇನ್ನೂ ಸ್ವಲ್ಪ ಹೊತ್ತು," ಎಂದರು ಅವರು, ತಲೆ ಎತ್ತದೆ.