ಗುಳಿಗಿ ನುಂಗಿದಾಂವ ನಾ, ಶಿಕ್ಷಾ ಮಾಸ್ತರಿಗೆ

ತಡೀರಿ, ಮುಂದ ಹೋಗಬ್ಯಾಡ್ರಿ, ಇದೊಂದ್ ಓದೇ ಹೋಗ್ರಿ. ನಮ್ಮ ಓಟದ ಮಾಸ್ತರ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಆ ಬೋಳ ಬೆರಳು ದಿನಾ ಮುಂಜಾನೆ ನಮ್ಮ ನಾಡಿ ಮ್ಯಾಲೆ ಕೂಡೂದು. ಜೋರ ಬಡೀತಿದ್ರ, "ಮನಿಗೆ ನಡಿ, ಮಲ್ಕೋ. ಬಹುಮಾನದ ಕಪ್ ಏನ ಓಡಿ ಹೋಗಂಗಿಲ್ಲ" ಅಂತಿದ್ರು.

ಎಪ್ಪತ್ತರ ದಶಕದ ಕಡೀ ಮಾತು. ನಾ ಇಳಕಲ್ಲಿನಾಂವ, ಹುನಗುಂದದ ಬಸ್ಸಿನ ಬೆನ್ನತ್ತಿ ನನ್ನಷ್ಟಕ್ಕ ನಾನ ಓಟ ಕಲತಾಂವ. ಸರ್ ಮೊದಲ ಸಲ ನೋಡಿ, "ಲೇ, ಕೈ ಯಾಕ ಹಂಗ ಬೀಸ್ತಿ? ನೊಣ ಹೊಡೀತೀಯೇನು?" ಅಂದ್ರು. ಆಮ್ಯಾಲೆ ಮಗನ್ನ ತಿದ್ದಿದಂಗ ತಿದ್ದಿದ್ರು.

ಬಾಗಲಕೋಟಿಯೊಳಗ ದೊಡ್ಡ ಓಟ ಇತ್ತು. ಗೆದ್ರ ರಾಜ್ಯಮಟ್ಟ. ನಾ ಶಾಣ್ಯಾ ಆಗಾಕ ಹೋಗಿ, ಲಾರಿ ಡ್ರೈವರ್ ಒಬ್ಬಾಂವ ಕೊಟ್ಟ, ನಿದ್ದಿ ಬರಬಾರದಂತ ನುಂಗೂ ಗುಳಿಗಿ ಎರಡು ನುಂಗಿದೆ. ಸರ್ ನಾಡಿ ಹಿಡದು ಹುಬ್ಬು ಗಂಟ ಹಾಕಿದ್ರು.

"ಏನರೆ ತಿಂದೀಯೇನ್ಲೇ?"

"ಇಲ್ರೀ ಸರ್, ಅಂಜಿಕಿ ಆಗೇತ್ರಿ, ಅಷ್ಟ. ನಿಮ್ಮಾಣಿಗೂ."

ಒಂದು ಗಳಿಗಿ ಮಾರಿ ನೋಡಿದ್ರು. "ಆತು, ಓಡು."

ಗೆದ್ದೆ. ಗೆದ್ದು ಅಲ್ಲೇ ಬಿದ್ದೆ. ದವಾಖಾನಿಯೊಳಗ ಡಾಕ್ಟರು ಗದರಿಸಿದ ಮ್ಯಾಲೆ ಗುಳಿಗಿ ಸುದ್ದಿ ಒಪ್ಪಿಕೊಂಡೆ.

ಡಾಕ್ಟರ ಕಡಿಂದ ಸುದ್ದಿ ತಿಳದು, ಮುಂದಿನ ವಾರ ಕ್ರೀಡಾ ಕಮಿಟಿಯವರು ಇಬ್ಬರನ್ನೂ ಕರಸಿ, ಮೊದಲ ನನ್ನ ಕೇಳಿದ್ರು. ಸರ್ ನಾಡಿ ನೋಡಿದ್ರೇನು? ಹೌದ್ರಿ. ಜೋರಿತ್ತೇನು? ಹೌದ್ರಿ. ಆದ್ರೂ ಓಡು ಅಂದ್ರೇನು? ಅಂದ್ರು ರೀ. ಒಂದೂ ಸುಳ್ಳಲ್ಲ ನೋಡ್ರಿ! ಆದ್ರ ಸರ್ ಕೇಳಿದ್ದು, ನಾ ಸುಳ್ಳ ಆಣಿ ಮಾಡಿದ್ದು, ಅದಷ್ಟನ್ನ ಬಿಟ್ಟೆ. ಹೇಳಿದ್ರ ಸರ್ ಉಳೀತಿದ್ರು, ನನ್ನ ಹೆಸರು ಕಾಯಂ ಹೊಡದ ಹಾಕ್ತಿದ್ರು.

ಅಧ್ಯಕ್ಷರು ಸರ್ ಕಡೆ ತಿರುಗಿ, "ನಿಮ್ಮದೇನರೆ ಹೇಳೂದೈತೇನ್ರಿ?" ಅಂದ್ರು.

"ಹುಡುಗ ಹೇಳ್ತಾನ್ರಿ" ಅಂತ ಸರ್ ನನ್ನ ನೋಡಿದ್ರು.

ನಾ ನೆಲ ನೋಡಿದೆ.

ಇನ್ನ ಮುಂದ ಯಾರಿಗೂ ಓಟ ಕಲಿಸಬಾರದು, ಮೈದಾನಕ್ಕ ಕಾಲಿಡಬಾರದು ಅಂತ ಸರ್‌ಗೆ ಹುಕುಂ ಆತು. ನನಗ ಒಂದ ವರ್ಷ ಓಡಬಾರದಂತ, ಅಷ್ಟ. ಹೊರಗ ಬಂದು ಸರ್ ಕೇಳಿದ್ದು ಒಂದ ಮಾತು: "ಊಟ ಆತೇನ್ಲೇ?" ಬೈದಿದ್ರ ಚಲೋ ಇತ್ತು.

ಆಮ್ಯಾಲೆ ಬಾದಾಮಿಗೆ ಅವರ ಮನಿಗೆ ಮೂರು ಸಲ ಹೋದೆ, ತಪ್ಪು ಒಪ್ಪಿಕೊಳ್ಳಾಕಂತ. ಚಾ ಕುಡದು, ಮಳಿ ಸುದ್ದಿ ಮಾತಾಡಿ ಬಂದೆ. ನಾಕನೇ ಸಲ ಹೋದಾಗ ಬಾಗಲ ಮುಂದ ಮಂದಿ ಕೂಡಿತ್ತು. ಸರ್ ಹೋಗಿಬಿಟ್ಟಿದ್ರು. ದಿವಸ-ಕರ್ಮ ಮುಗಿದ ಮ್ಯಾಲೆ ಅವರ ಹೆಂಡತಿ ಮುಂದ ಕೂತು ಎಲ್ಲಾ ಹೇಳಿದೆ. ಆಕಿ ಸೆರಗಿಲೆ ಕಣ್ಣ ಒರಸಿಕೊಂಡು, "ಇದನ್ನ ಅವರ ಮುಂದ ಹೇಳಬೇಕಿತ್ತಪಾ" ಅಂದ್ರು.

ನೀವೂ ಇಂಥಾ ಅರ್ಧ ಖರೆ ಹೇಳಿ ಸುಮ್ಮನಾಗಿದ್ರ ನನಗ ಬರೀರಿ, ಓದತೇನಿ. ಆದ್ರ ಆ ಮನಷ್ಯಾ ಇನ್ನೂ ಇದ್ರ, ಬರಿಯೂದು ಹಿಂದಾಗಡೆ ಇರ್ಲಿ, ಮೊದಲ ಅವರ ಮನಿಗೆ ಹೋಗ್ರಿ.